ಎಂಬತ್ತು ಜನರ ಮದುವೆಯನ್ನು ಅಜ್ಜಿಯ ಮನೆಯಂಗಳದಲ್ಲಿ ಮಾಡಬೇಕೆಂದಿದ್ದೇವೆ, ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಮದುಮಗಳ ಅಣ್ಣ, ಮೈಸೂರು

ಎಲ್ಲರಿಗೂ ನಮಸ್ಕಾರ. ಬರುವ ವರ್ಷಕ್ಕೆ ನನ್ನ ತಂಗಿಯ ಮದುವೆ ನಿಶ್ಚಯವಾಗಿದೆ. ಹುಡುಗನನ್ನು ಅವಳೇ ಮೆಚ್ಚಿಕೊಂಡಿದ್ದಾಳೆ, ಎರಡೂ ಮನೆಯವರು ಒಪ್ಪಿದ್ದಾರೆ, ಕೊಡುವ ತೆಗೆದುಕೊಳ್ಳುವ ಮಾತು ಯಾರ ಬಾಯಲ್ಲೂ ಬಂದಿಲ್ಲ. ತೊಡಕು ಇರುವುದು ಮದುವೆಯನ್ನು ಎಲ್ಲಿ ಮಾಡಬೇಕು, ಎಷ್ಟು ಜನರನ್ನು ಕರೆಯಬೇಕು ಎಂಬುದರಲ್ಲಿ. ತೀರ್ಥಹಳ್ಳಿಯ ಸಮೀಪ ನಮ್ಮ ಅಜ್ಜಿಯ ಮನೆಯಿದೆ. ಜಗಲಿ, ನಡುಮನೆ, ಮುಂದೆ ಅಗಲವಾದ ಅಂಗಳ. ಎರಡೂ ಕಡೆಯವರು ಸೇರಿ ಎಂಬತ್ತು ಜನ ಮೀರದಂತೆ ಅಲ್ಲಿಯೇ ಧಾರೆಯಾಗಬೇಕು ಎಂಬುದು ತಂಗಿಯ ಆಸೆ. ಹುಡುಗನದೂ ಅದೇ ಮಾತು.

ಈ ಆಸೆಯ ಮೂಲವನ್ನೂ ಹೇಳಿಬಿಡುತ್ತೇನೆ. 2020ರಲ್ಲಿ ಕೊರೊನಾ ಕಾರಣದಿಂದ ಮದುವೆಗೆ ಐವತ್ತಕ್ಕಿಂತ ಹೆಚ್ಚು ಜನ ಸೇರಬಾರದೆಂಬ ನಿರ್ಬಂಧವಿದ್ದಾಗ ನಮ್ಮ ಚಿಕ್ಕಪ್ಪನ ಮಗನ ಮದುವೆ ಅವರ ಮನೆಯ ಹಜಾರದಲ್ಲೇ ನಡೆಯಿತು. ಅಲ್ಲಿಯವರೆಗೆ ನಾನು ನೂರಾರು ಮದುವೆಗಳ ಊಟ ಮಾಡಿದ್ದೆನೇ ಹೊರತು ಒಂದು ಮದುವೆಯನ್ನೂ ನೆಟ್ಟಗೆ ನೋಡಿರಲಿಲ್ಲವೆಂಬುದು ಆ ದಿನ ಅರಿವಿಗೆ ಬಂತು. ವಾಲಗದ ಸದ್ದಿಲ್ಲ, ಧ್ವನಿವರ್ಧಕವಿಲ್ಲ, ಫೋಟೋ ತೆಗೆಯುವವರ ಬೆನ್ನು ಅಡ್ಡವಿಲ್ಲ. ಸಪ್ತಪದಿಯ ಹೊತ್ತಿಗೆ ಪುರೋಹಿತರು ಒಂದೊಂದು ಹೆಜ್ಜೆಗೂ ನಿಂತು ಅರ್ಥ ಹೇಳಿದರು: ಮೊದಲನೆಯದು ಅನ್ನಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿಗೆ, ನಾಲ್ಕನೆಯದು ಸುಖಕ್ಕೆ, ಐದನೆಯದು ಸಂತಾನಕ್ಕೆ, ಆರನೆಯದು ಋತುಗಳಿಗೆ, ಏಳನೆಯ ಹೆಜ್ಜೆಯಲ್ಲಿ ಮಾತ್ರ ಏನನ್ನೂ ಬೇಡದೆ ‘ಸಖಾ ಸಪ್ತಪದೀ ಭವ’, ಅಂದರೆ ನನ್ನ ಗೆಳತಿಯಾಗು ಎಂದು ಹೇಳುವುದು. ಗೋಡೆಗೆ ಒರಗಿ ಕುಳಿತಿದ್ದ ನನ್ನ ತಂಗಿ ಆ ಮಾತನ್ನು ಅಂದೇ ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ನಮ್ಮ ತಂದೆಯವರಿಗೆ ಇದು ಸಮ್ಮತವಿಲ್ಲ. ಅವರು ಮೂವತ್ತನಾಲ್ಕು ವರ್ಷ ಶಾಲಾ ಶಿಕ್ಷಕರಾಗಿದ್ದವರು. ಕೆಲಸ ಮಾಡಿದ ಪ್ರತಿಯೊಂದು ಊರಿನಲ್ಲೂ ಮದುವೆ, ಗೃಹಪ್ರವೇಶ, ನಾಮಕರಣ ಯಾವುದನ್ನೂ ತಪ್ಪಿಸಿದವರಲ್ಲ. “ಕರೆದ ಮನೆಗೆಲ್ಲ ಹೋಗಿ ಎಲೆಯ ಮುಂದೆ ಕುಳಿತು ಉಂಡು ಬಂದಿದ್ದೇನೆ, ಈಗ ನನ್ನ ಸರದಿ ಬಂದಾಗ ಬಾಗಿಲು ಹಾಕಿಕೊಂಡು ಮಗಳ ಮದುವೆ ಮಾಡಲೇ?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಖರ್ಚು ಉಳಿಯುತ್ತದೆಂದು ಹೇಳಿದರೆ ಅವರಿಗೆ ಅವಮಾನವಾಗುತ್ತದೆ. ಅದು ನಿಜವಾದ ಕಾರಣವೂ ಅಲ್ಲ.

ಮನೆಮಟ್ಟಿನ ಮದುವೆ ಮಾಡಿದವರು ಅಥವಾ ಮಾಡಿಕೊಂಡವರು ಇಲ್ಲಿದ್ದರೆ, ಅದರಿಂದ ನಿಮಗೆ ದಕ್ಕಿದ್ದೇನು, ಕರೆಯುವವರ ಪಟ್ಟಿಯನ್ನು ಹೇಗೆ ಮಾಡಿದಿರಿ, ಹಿರಿಯರನ್ನು ಹೇಗೆ ಒಪ್ಪಿಸಿದಿರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಸಾಗರ ಸೀಮೆಯ ಒಬ್ಬ ತಾಯಿ

ನಿಮ್ಮ ತಂಗಿಯ ಆಸೆ ಓದಿ ಸಂತೋಷವಾಯಿತು. ನನ್ನ ಮಗಳ ಮದುವೆಯನ್ನು ನಾವು ಮನೆಯಲ್ಲೇ ಮಾಡಿದೆವು, ತೊಂಬತ್ತು ಜನರಿದ್ದರು. ಅದರ ಸೊಗಸು ಮದುವೆಯ ದಿನಕ್ಕಿಂತ ಹಿಂದಿನ ಎಂಟು ದಿನಗಳಲ್ಲಿ ಹೆಚ್ಚಾಗಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಛತ್ರದ ಮದುವೆಯಲ್ಲಿ ಆ ಎಂಟು ದಿನಗಳೇ ಇರುವುದಿಲ್ಲ. ಹಿಂದಿನ ಸಂಜೆ ಪೆಟ್ಟಿಗೆ ಹಿಡಿದು ಒಳಗೆ ಹೋಗುತ್ತೇವೆ, ಮರುದಿನ ಸಂಜೆಯೊಳಗೆ ಖಾಲಿ ಮಾಡಿ ಕೀಲಿಕೈ ಒಪ್ಪಿಸುತ್ತೇವೆ.

ನಾವು ದೀವರು. ನಮ್ಮಲ್ಲಿ ಮದುವೆಯ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ, ಅದರ ಮುಂದೆಯೇ ಮದುಮಕ್ಕಳನ್ನು ಹಸೆಗೆ ಕೂರಿಸುತ್ತಾರೆ. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯನ್ನು ನೆನೆಸಿ ಅರೆದ ಬಿಳಿಯಿಂದ ಗೆರೆ ಎಳೆಯಬೇಕು. ಕುಂಚವೆಂದರೆ ಅಂಗಡಿಯದಲ್ಲ, ಪುಂಡಿಯ ನಾರಿನದು. ಗೆರೆ ಕೂದಲೆಳೆಯಷ್ಟು ಸಣ್ಣಗೆ ಬರಬೇಕಾದರೆ ಆ ನಾರೇ ಬೇಕು. ನನ್ನ ಅತ್ತೆಯವರಿಗೆ ಕೈ ನಡುಗುತ್ತಿದ್ದುದರಿಂದ ಅವರು ಕೆಳಗೆ ಚಾಪೆಯ ಮೇಲೆ ಕುಳಿತು ಹೇಳುತ್ತ ಹೋದರು, ನನ್ನ ನಾದಿನಿ ಮತ್ತು ಪಕ್ಕದ ಮನೆಯ ಇಬ್ಬರು ಹೆಣ್ಣುಮಕ್ಕಳು ಬರೆಯುತ್ತ ಹೋದರು. ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನಗಳಲ್ಲಿ ನನ್ನ ಮಗಳು ಅಜ್ಜಿಯ ಬಾಯಿಂದ ಕೇಳಿದ ಕಥೆಗಳನ್ನು ಅವಳು ಬೆಳೆದ ಇಪ್ಪತ್ತಾರು ವರ್ಷಗಳಲ್ಲಿ ಕೇಳಿರಲಿಲ್ಲ. ಈಗ ಚಿತ್ತಾರವನ್ನು ಕಾಗದದ ಮೇಲೆ ಬರೆಸಿ ಛತ್ರಕ್ಕೆ ಒಯ್ಯುವವರೂ ಇದ್ದಾರೆ, ಅದನ್ನು ತಪ್ಪೆನ್ನುವುದಿಲ್ಲ. ಆದರೆ ನಮ್ಮ ಗೋಡೆಯ ಮೇಲಿನ ಹಸೆ ಮದುವೆ ಕಳೆದು ಎರಡು ಮಳೆಗಾಲ ದಾಟಿದರೂ ಮಾಸಲು ಮಾಸಲಾಗಿ ಹಾಗೆಯೇ ಇದೆ, ಮಗಳು ತವರಿಗೆ ಬಂದಾಗಲೆಲ್ಲ ಅದರ ಕೆಳಗೇ ಮಲಗುತ್ತಾಳೆ.

ಇನ್ನೊಂದು ವಿಷಯ. ಜನ ಕಡಿಮೆಯಿದ್ದಾಗ ಬಂದವರು ನೆಂಟರಾಗಿ ಕುಳಿತಿರುವುದಿಲ್ಲ, ಎಲ್ಲರ ಕೈಗೂ ಒಂದೊಂದು ಕೆಲಸ ಬಂದುಬಿಡುತ್ತದೆ. ಚಪ್ಪರಕ್ಕೆ ಅಡಿಕೆ ದಬ್ಬೆ ಸೀಳುವವರು, ಮಾವಿನ ತೋರಣ ಕಟ್ಟುವವರು, ಬಾಳೆಲೆ ತೊಳೆದು ಒರೆಸುವವರು, ಹೂವು ಕಟ್ಟುವವರು. ಬೀಗರ ಕಡೆಯ ಒಬ್ಬ ಹಿರಿಯರು ಯಾರೂ ಹೇಳದೆ ತೆಂಗಿನಕಾಯಿ ಸುಲಿಯಲು ಕುಳಿತರು. ಅವರ ಹೆಸರನ್ನು ನಮ್ಮ ಮನೆಯ ಚಿಕ್ಕ ಮಕ್ಕಳೂ ಇಂದಿಗೂ ಹೇಳುತ್ತಾರೆ. ದೊಡ್ಡ ಮದುವೆಯಾಗಿದ್ದರೆ ಅವರು ಮೂರನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ಎದ್ದುಹೋದ ಒಬ್ಬರಾಗುತ್ತಿದ್ದರು.

ಕಷ್ಟಗಳನ್ನೂ ಹೇಳಬೇಕಲ್ಲ. ನಿಮ್ಮದು ಅಡಿಕೆ ತೋಟದ ಮನೆಯಾಗಿದ್ದರೆ ಕೊಯ್ಲು ಮುಗಿದು, ಒಣಗಿಸಿದ ಅಡಿಕೆ ಅಂಗಳದಿಂದ ಎದ್ದ ಮೇಲಷ್ಟೇ ದಿನ ಗೊತ್ತುಮಾಡಿ. ವೈಶಾಖಕ್ಕೆ ಹೋದರೆ ಮಧ್ಯಾಹ್ನದ ಮೇಲೆ ಗುಡುಗಿನ ಮಳೆ ಬರುತ್ತದೆ. ನಮಗೂ ಬಂತು, ಊಟದ ಎರಡನೆಯ ಪಂಕ್ತಿಯನ್ನು ಎತ್ತಿ ನಡುಮನೆಗೆ ತಂದೆವು, ಕರೆಂಟೂ ಹೋಯಿತು. ವಯಸ್ಸಾದವರಿಗೆ ಶೌಚಾಲಯ ಹತ್ತಿರವಿರಬೇಕು, ಅದಕ್ಕೆ ಮೊದಲೇ ಏರ್ಪಾಡು ಮಾಡಿಕೊಳ್ಳಿ. ಮನೆಯ ಹೆಂಗಸರ ಮೇಲೆ ಕೆಲಸದ ಹೊರೆ ಬೀಳುತ್ತದೆಂಬುದನ್ನು ಮಾತ್ರ ಯಾರೂ ಮರೆಯಬಾರದು. ಮದುವೆಯ ದಿನ ನಾನು ಧಾರೆಯ ಹೊತ್ತಿಗೆ ಅಡುಗೆಮನೆಯಿಂದ ಓಡಿಬಂದವಳು. ಮನೆಯಲ್ಲಿ ಮಾಡಿದರೂ ಅಡುಗೆಗೆ ಭಟ್ಟರನ್ನು ಕರೆಯಿರಿ.

ಉತ್ತರ 2: ಹಾವೇರಿ ಕಡೆಯವರು

ಇಲ್ಲಿ ಎಲ್ಲರೂ ಸಣ್ಣ ಮದುವೆಯನ್ನು ಹೊಗಳುವುದು ಖಚಿತವಾದ್ದರಿಂದ ನಿಮ್ಮ ತಂದೆಯವರ ಪರವಾಗಿ ಒಬ್ಬನಾದರೂ ಮಾತನಾಡಬೇಕೆಂದು ಬರೆಯುತ್ತಿದ್ದೇನೆ.

ನಮ್ಮ ಕಡೆ ಮದುವೆಗೆ ಕರೆಯುವಾಗ ಅಕ್ಕಿಕಾಳಿಗೆ ಬನ್ನಿ ಎನ್ನುತ್ತೇವೆ. ಊಟಕ್ಕೆ ಬನ್ನಿ ಎಂದಲ್ಲ, ನೋಡಲು ಬನ್ನಿ ಎಂದೂ ಅಲ್ಲ; ನಾಲ್ಕು ಕಾಳು ಅಕ್ಕಿಯನ್ನು ಮಕ್ಕಳ ತಲೆಯ ಮೇಲೆ ಹಾಕಿ ಹೋಗಿ ಎಂದು. ಬಂದವರು ಮುಯ್ಯಿ ಮಾಡುತ್ತಾರೆ, ಮನೆಯ ಹಿರಿಯರು ಅದನ್ನು ವಹಿಯಲ್ಲಿ ಬರೆದಿಡುತ್ತಾರೆ, ಅವರ ಮನೆಯಲ್ಲಿ ಹಂದರ ಬಿದ್ದಾಗ ಅಷ್ಟನ್ನೋ ಅದಕ್ಕಿಂತ ಸ್ವಲ್ಪ ಹೆಚ್ಚನ್ನೋ ಹಿಂದಿರುಗಿಸುತ್ತಾರೆ. ಬ್ಯಾಂಕು ಇಲ್ಲದ ಕಾಲದಲ್ಲಿ ರೈತಾಪಿ ಜನ ಮಗಳ ಮದುವೆಯ ಖರ್ಚನ್ನು ತೂಗಿಸಿದ್ದೇ ಹೀಗೆ. ಆದ್ದರಿಂದ ಊರಿಗೆ ಊರೇ ಸೇರುವ ಮದುವೆಯನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ಸರಿಯಲ್ಲ, ಅದು ಕೊಟ್ಟು ತಂದ ಲೆಕ್ಕ. ನಿಮ್ಮ ತಂದೆಯವರು ‘ನನ್ನ ಸರದಿ’ ಎಂದು ಹೇಳಿದ ಮಾತಿನಲ್ಲಿ ಈ ಲೆಕ್ಕವಿದೆ. ಅದನ್ನು ಪ್ರತಿಷ್ಠೆಯೆಂದು ತಿಳಿದು ವಾದಕ್ಕಿಳಿದರೆ ನೀವು ಗೆಲ್ಲಲಾರಿರಿ, ಗೆದ್ದರೂ ಅವರು ನೊಂದುಕೊಳ್ಳುತ್ತಾರೆ.

ಹೀಗೆಂದ ಮಾತ್ರಕ್ಕೆ ನನ್ನ ಮದುವೆ ನನಗೆ ನೆನಪಿದೆಯೇ ಎಂದರೆ, ಇಲ್ಲ. ಎರಡು ಸಾವಿರ ಜನ ಬಂದಿದ್ದರು. ಆರತಕ್ಷತೆಯ ವೇದಿಕೆಯ ಮೇಲೆ ಮೂರು ಗಂಟೆ ನಿಂತಿದ್ದೆವು. ಸಾಲಾಗಿ ಬಂದವರ ಕೈ ಕುಲುಕಿದ್ದೇ ಬಂತು, ಒಂದು ಮುಖವೂ ಮನಸ್ಸಿಗೆ ಇಳಿಯಲಿಲ್ಲ. ನನ್ನ ಸೋದರಮಾವ ಹೊಸ ಧೋತರ ಉಟ್ಟು ಬಂದವರು ಸಾಲಿನ ಉದ್ದ ನೋಡಿ ಹಿಂದಿರುಗಿದರೆಂದು ಮರುವಾರ ತಿಳಿಯಿತು. ಆ ಲೆಕ್ಕವನ್ನು ಯಾವ ವಹಿಯಲ್ಲಿ ಬರೆಯಬೇಕೋ ಗೊತ್ತಾಗಲಿಲ್ಲ.

ಅದಕ್ಕಾಗಿಯೇ ನನ್ನ ತಮ್ಮನ ಮದುವೆಯಲ್ಲಿ ನಾವು ಒಂದು ದಾರಿ ಕಂಡುಕೊಂಡೆವು. ಮದುವೆಗೆ ಇಪ್ಪತ್ತು ದಿನ ಮೊದಲು ನಮ್ಮ ತಂದೆ ತಾಯಿ ಇಬ್ಬರೂ ಒಂದು ತಟ್ಟೆಯಲ್ಲಿ ಅಕ್ಷತೆ, ಎಲೆಯಡಿಕೆ ಇಟ್ಟುಕೊಂಡು ಬೇಕಾದವರ ಮನೆಗಳಿಗೆ ಹೋದರು. “ಮದುವೆ ಮನೆಮಟ್ಟಿಗೆ ಆಗುತ್ತಿದೆ, ನಿಮ್ಮ ಕೈಯ ಅಕ್ಕಿಕಾಳು ಮಾತ್ರ ತಪ್ಪಬಾರದು, ಈ ತಟ್ಟೆಯಲ್ಲಿ ಹಾಕಿಕೊಡಿ” ಎಂದು ಕೇಳಿದರು. ಮನೆಮನೆಯಿಂದ ಹೀಗೆ ಕೂಡಿದ ಅಕ್ಕಿಯನ್ನೇ ಮದುವೆಯ ದಿನ ಮಕ್ಕಳ ಮೇಲೆ ಹಾಕಿದೆವು. ಕರೆಯಲಿಲ್ಲವೆಂದು ಮುನಿದವರು ಇಲ್ಲವೇ ಇಲ್ಲವೆಂದು ಹೇಳಲಾರೆ, ಇಬ್ಬರು ಇಂದಿಗೂ ಮುಖ ತಿರುಗಿಸುತ್ತಾರೆ. ಆದರೆ ಉಳಿದವರು, ಆಮಂತ್ರಣ ಪತ್ರಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಸಾವಿರ ಜನರನ್ನು ಕೂಡಿಸುವುದಕ್ಕಿಂತ, ಮನೆ ಬಾಗಿಲಿಗೆ ಬಂದು ಕುಳಿತು ಚಹಾ ಕುಡಿದು ಹೋದದ್ದನ್ನೇ ದೊಡ್ಡದೆಂದು ತಿಳಿದರು. ನಿಮ್ಮ ತಂದೆಯವರು ಕೆಲಸ ಮಾಡಿದ ಊರುಗಳಿಗೆಲ್ಲ ಅವರನ್ನು ಕರೆದುಕೊಂಡು ಹೋಗಿ. ಅಣ್ಣನಾದ ನಿಮಗೆ ಮದುವೆಯಲ್ಲಿ ಅದೇ ದೊಡ್ಡ ಕೆಲಸವಾಗಲಿ.

ಉತ್ತರ 3: ಮಂತ್ರ ಮಾಂಗಲ್ಯದ ದಂಪತಿ, ಶಿವಮೊಗ್ಗ

ತೀರ್ಥಹಳ್ಳಿಯ ಹೆಸರು ಬಂದ ಮೇಲೆ ಕುಪ್ಪಳಿಯ ಕವಿಯನ್ನು ನೆನೆಯದಿರಲು ಆಗುವುದಿಲ್ಲ. ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದ ಪದ್ಧತಿಯಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ನಡೆಯಿತು. ವರದಕ್ಷಿಣೆಯಿಲ್ಲ, ದುಂದು ಇಲ್ಲ. ಹಿರಿಯರೊಬ್ಬರು ಮಂತ್ರಗಳನ್ನೂ ಅವುಗಳ ಕನ್ನಡ ಅರ್ಥವನ್ನೂ ಓದುತ್ತಾರೆ, ವಧೂವರರು ತಿಳಿದು ಪ್ರತಿಜ್ಞೆ ಮಾಡುತ್ತಾರೆ. ನಮ್ಮ ಮದುವೆಯಲ್ಲಿ ಓದಿದವರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಗುರುಗಳು. ಅರವತ್ತು ಜನ ಕೇಳುತ್ತಿರುವಾಗ ಪ್ರತಿಜ್ಞೆ ಹೇಳುವುದು ಆರುನೂರು ಜನರ ಗದ್ದಲದಲ್ಲಿ ಹೇಳುವುದಕ್ಕಿಂತ ಕಷ್ಟವೆಂಬುದು ನಮ್ಮ ಅನುಭವ. ಸಣ್ಣ ಸಭೆಯಲ್ಲಿ ಪ್ರತಿಯೊಬ್ಬರೂ ಸಾಕ್ಷಿಗಳು. ಮುಂದೆ ಎಂದಾದರೂ ನಾವಿಬ್ಬರೂ ಜಗಳವಾಡಿದರೆ, “ಅವತ್ತು ಏನು ಹೇಳಿದೆ, ನಾನು ಕೇಳಿಸಿಕೊಂಡಿದ್ದೇನೆ” ಎನ್ನಲು ಅರವತ್ತು ಜನರಿದ್ದಾರೆ. ನನ್ನ ಅತ್ತಿಗೆ ಈಗಾಗಲೇ ಎರಡು ಬಾರಿ ಹೇಳಿಯೂ ಆಗಿದೆ.

ಕಾನೂನಿನ ವಿಷಯವನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತೇನೆ. ನಿಮ್ಮ ಮನೆಯ ಪದ್ಧತಿಯಂತೆ ಸಪ್ತಪದಿ ಇರುವುದರಿಂದ 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮು ನಿಮಗೆ ಅನ್ವಯಿಸುತ್ತದೆ. ವಧೂವರರು ಜೊತೆಯಾಗಿ ಏಳನೆಯ ಹೆಜ್ಜೆ ಇಟ್ಟಾಗ ವಿವಾಹ ಪೂರ್ಣವಾಗುತ್ತದೆಂದು ಅದು ಹೇಳುತ್ತದೆ. ಛತ್ರದಲ್ಲಿ ಇಟ್ಟರೂ ಅಂಗಳದಲ್ಲಿ ಇಟ್ಟರೂ ಹೆಜ್ಜೆ ಹೆಜ್ಜೆಯೇ. ಶಾಸ್ತ್ರವನ್ನೇ ಮಾಡದೆ ಪ್ರಮಾಣಪತ್ರ ಮಾತ್ರ ಪಡೆದರೆ ಅದು ಹಿಂದೂ ವಿವಾಹವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಆದ್ದರಿಂದ ಮದುವೆ ಎಷ್ಟೇ ಸಣ್ಣದಾದರೂ ಶಾಸ್ತ್ರದ ಫೋಟೋಗಳು, ಆಮಂತ್ರಣ ಪತ್ರಿಕೆಯ ಒಂದು ಪ್ರತಿ ನಿಮ್ಮ ಹತ್ತಿರವಿರಲಿ, ಆಮೇಲೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸಿ. ನಾವು 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿದೆವು. ಅದರಲ್ಲಿ ಮೊದಲು ಲಿಖಿತ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಸಹಿ ಮಾಡಬೇಕು. ದಿನ ಗೊತ್ತುಮಾಡುವ ಮೊದಲೇ ಈ ಲೆಕ್ಕ ಹಾಕಿಕೊಳ್ಳದೆ ನಾವು ಪರದಾಡಿದ್ದೆವು.

ಉತ್ತರ 4: ಅಡುಗೆಯವನು

ನಾನು ಇಪ್ಪತ್ತೆರಡು ವರ್ಷಗಳಿಂದ ಮದುವೆ ಅಡುಗೆ ಮಾಡುತ್ತಿದ್ದೇನೆ. ನೂರು ಎಲೆಯೊಳಗಿನ ಮದುವೆಯೆಂದರೆ ನಮಗೆ ಲಾಭ ಕಡಿಮೆ, ಆದರೂ ನಾನು ಒಲ್ಲೆನೆನ್ನುವುದಿಲ್ಲ. ಸಾವಿರ ಎಲೆಯ ಅಡುಗೆಯಲ್ಲಿ ಹೋಳಿಗೆಯನ್ನು ಹಿಂದಿನ ರಾತ್ರಿಯೇ ತಟ್ಟಿ ಬೇಯಿಸಿ ಅಡುಕಿ ಇಡಬೇಕಾಗುತ್ತದೆ. ನೂರು ಎಲೆಗಾದರೆ ಪಂಕ್ತಿ ಕುಳಿತ ಮೇಲೆ ಹೆಂಚಿನಿಂದ ನೇರವಾಗಿ ಎಲೆಗೆ ಹಾಕಬಹುದು. ತುಪ್ಪ ಅದರ ಮೇಲೆ ಬಿದ್ದಾಗ ಕರಗುತ್ತದೆ, ಮೇಲೆಯೇ ನಿಲ್ಲುವುದಿಲ್ಲ. ದೊಡ್ಡ ಮದುವೆಯಲ್ಲಿ ಎಷ್ಟು ಜನ ಬರುತ್ತಾರೆಂಬುದು ಕರೆದವರಿಗೇ ತಿಳಿದಿರುವುದಿಲ್ಲ, ಆದ್ದರಿಂದ ಅನ್ನ ಸಾರು ಉಳಿದು ಚೆಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಎಂಬತ್ತು ಜನರ ಲೆಕ್ಕಕ್ಕೆ ನೂರು ಎಲೆಯ ಅಡುಗೆ ಮಾಡಿಸಿ. ಚಪ್ಪರ ಹಾಕಿದವರು, ತೋಟದ ಕೆಲಸದವರು, ಕಾರಿನ ಚಾಲಕರು ಇವರನ್ನು ಪಟ್ಟಿ ಮಾಡುವವರು ಸದಾ ಮರೆಯುತ್ತಾರೆ. ಅಕ್ಕಿ ಹತ್ತು ಕೆ.ಜಿ. ಸಾಕಾಗುತ್ತದೆ. ಬಗೆಗಳನ್ನು ಮಾತ್ರ ಹೆಚ್ಚು ಮಾಡಬೇಡಿ. ಜನ ಕಡಿಮೆ ಮಾಡಿದವರು ಆ ಕೊರತೆಯನ್ನು ಎಲೆಯ ಮೇಲೆ ತುಂಬಲು ಹೋಗಿ ಮೂರು ಸಿಹಿ, ನಾಲ್ಕು ಪಲ್ಯ ಹೇಳುತ್ತಾರೆ. ಒಂದು ಕೋಸಂಬರಿ, ಎರಡು ಪಲ್ಯ, ಅಪ್ಪೆಹುಳಿ, ಸಾರು, ಹುಳಿ, ಚಿತ್ರಾನ್ನ, ಹೋಳಿಗೆ, ಪಾಯಸ, ಮಜ್ಜಿಗೆ ಇದ್ದರೆ ಊಟ ತುಂಬಿತು. ಸೌದೆ ಒಲೆಗೆ ಮನೆಯ ಹಿಂದೆ ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ಜಾಗ ಕೊಡಿ. ಹೊಗೆ ಮಂಟಪದ ಕಡೆಗೆ ತಿರುಗಿದರೆ ಹೋಮದ ಹೊಗೆಯ ಜೊತೆ ಅದೂ ಸೇರಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು: ಮದುಮಗಳ ಅಣ್ಣ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹೇಳುವಂಥದ್ದು ಏನಾದರೂ ಆಗಲಿ ಎಂದು ಕಾಯುತ್ತಿದ್ದೆ.

ಹಾವೇರಿಯ ಹಿರಿಯರ ಉತ್ತರವನ್ನು ನಾನು ತಂದೆಯವರಿಗೆ ಓದಿ ಹೇಳಿದೆ. ಅವರು ಏನೂ ಮಾತನಾಡಲಿಲ್ಲ. ಮರುದಿನ ಅಟ್ಟದ ಮೇಲಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಿಕೊಡು ಎಂದರು. ಅದರಲ್ಲಿ ಅಮ್ಮನ ಕೈಬರಹದ ಮುಯ್ಯಿಯ ಪುಸ್ತಕವಿತ್ತು, 1988ರಿಂದ ಬರೆದದ್ದು. ಇಬ್ಬರೂ ಕುಳಿತು ಒಂದೊಂದೇ ಹೆಸರು ಓದಿದರು. ಸಂಜೆಯವರೆಗೆ ಓದಿದ ಮೇಲೆ, ಅದರಲ್ಲಿ ಬಹಳಷ್ಟು ಜನ ತೀರಿಕೊಂಡಿದ್ದಾರೆ, ಇನ್ನು ಕೆಲವರ ಮಕ್ಕಳ ಮುಖ ತಮಗೇ ಗೊತ್ತಿಲ್ಲ, ಹೋಗಿ ನೋಡಲೇಬೇಕಾದ ಮನೆಗಳು ನಲವತ್ತೊಂದು ಉಳಿದಿವೆ ಎಂದರು. ನಲವತ್ತೊಂದು ಮನೆಗಳಿಗೂ ಅಕ್ಷತೆಯ ತಟ್ಟೆ ಹಿಡಿದು ಹೋಗುವುದೆಂದು ತೀರ್ಮಾನವಾಗಿದೆ. ಕಾರು ನಡೆಸುವವನು ನಾನು. ಆದರೆ ಪಟ್ಟಿ ಎಂಬತ್ತಕ್ಕೆ ನಿಲ್ಲಲಿಲ್ಲ, ನೂರ ಹತ್ತಾಗಿದೆ. ತಂಗಿ ಇದಕ್ಕೆ ಗೊಣಗುತ್ತಲೇ ಒಪ್ಪಿದ್ದಾಳೆ, ಆರತಕ್ಷತೆ ಮಾತ್ರ ಇರಕೂಡದೆಂದು ಷರತ್ತು ಹಾಕಿದ್ದಾಳೆ.

ಕೊಯ್ಲು ಮುಗಿಯುವುದನ್ನು ನೋಡಿಕೊಂಡು ಫಾಲ್ಗುಣದಲ್ಲಿ ದಿನ ಹುಡುಕುತ್ತಿದ್ದೇವೆ. ಅಜ್ಜಿಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ, ಅಂಗಳಕ್ಕೆ ಸೆಗಣಿ ಸಾರಿಸುವವರು ಈಗ ಯಾರಿದ್ದಾರೆ ಎಂದು. ಸಾಗರದ ತಾಯಿಯವರೇ, ಸಾರಿಸಿದ ಅಂಗಳ ನೂರು ಜನರ ಓಡಾಟಕ್ಕೆ ಏಳದೆ ನಿಲ್ಲಬೇಕಾದರೆ ಎಷ್ಟು ದಿನ ಮೊದಲು ಸಾರಿಸಬೇಕು, ಸೆಗಣಿಯ ಜೊತೆ ಇನ್ನೇನಾದರೂ ಬೆರೆಸುತ್ತೀರಾ ಎಂಬುದನ್ನು ದಯವಿಟ್ಟು ತಿಳಿಸಿ.